ಎಕ್ಸ್‌ಪಾನ್ಶನ್ ಬಂದಾಗಲೆಲ್ಲ ಸ್ಟೆಲ್ಲಾರಿಸ್ ಬದಲಾಗಬೇಕಾ? ಪರ-ವಿರೋಧ

ಪರ

ಬಾಹ್ಯಾಕಾಶದಲ್ಲಿ ಸಾಮ್ರಾಜ್ಯ ಕಟ್ಟುವ ಕಂಪ್ಯೂಟರ್ ಆಟ ಸ್ಟೆಲ್ಲಾರಿಸ್ 2016ರ ಮೇನಲ್ಲಿ ಬಂದಾಗ ಶುರುವಿನ ಗಂಟೆಗಳು ಮಜವಾಗಿದ್ದವು. ಸೈನ್ಸ್ ಶಿಪ್ ಕಳಿಸಿ ಹೊಸ ನಕ್ಷತ್ರ ಹುಡುಕುವುದು, ಮುಂದೆ ಯಾರು ಎದುರಾಗುತ್ತಾರೋ ಅನ್ನೋ ಕುತೂಹಲ. ಗಡಿಗಳು ಒಂದಕ್ಕೊಂದು ತಾಗಿದ ಮೇಲೆ ಮಾತ್ರ ಆಟ ನಿಂತ ನೀರಾಗುತ್ತಿತ್ತು. ಯುದ್ಧ ಮಾಡಬೇಕು, ಇಲ್ಲಾಂದ್ರೆ ಸುಮ್ನೆ ಕಾಯಬೇಕು.

2017ರ ಯುಟೋಪಿಯಾ ಎಂಬ ಎಕ್ಸ್‌ಪಾನ್ಶನ್ (ದುಡ್ಡು ಕೊಟ್ಟು ಕೊಳ್ಳುವ ಹೆಚ್ಚುವರಿ ಭಾಗ) ಸರಿಯಾಗಿ ಅಲ್ಲೇ ಕೈ ಹಾಕಿತು. ಜಾಗ ಮುಗಿದರೂ ಬೆಳೆಯುವ ದಾರಿ ಸಿಕ್ಕಿತು. ವಾಸಕ್ಕೆ ಆಗದ ಗ್ರಹದ ಸುತ್ತ ಹ್ಯಾಬಿಟಾಟ್ ಅನ್ನೋ ತೇಲುವ ವಸತಿ ಕಟ್ಟಬಹುದು, ನಕ್ಷತ್ರಕ್ಕೇ ಡೈಸನ್ ಸ್ಫಿಯರ್ ಅನ್ನೋ ಚಿಪ್ಪು ಹೊದಿಸಿ ಎನರ್ಜಿ ಪಡೆಯಬಹುದು, ಇಡೀ ಜನಾಂಗವನ್ನೇ ಯಂತ್ರದ ದೇಹಕ್ಕೆ ದಾಟಿಸಬಹುದು. ಮಧ್ಯದಲ್ಲಿ ಬೇಜಾರಾಗಿ ಬಿಟ್ಟುಹೋಗುತ್ತಿದ್ದ ಆಟವನ್ನು ಕೊನೆವರೆಗೂ ಆಡಲು ಒಂದು ಕಾರಣ ಹುಟ್ಟಿತು.

ಆದರೆ ನನಗೆ ಎಲ್ಲಕ್ಕಿಂತ ದೊಡ್ಡ ಬದಲಾವಣೆ ಅನಿಸುವುದು 2018ರ ಫೆಬ್ರುವರಿಯಲ್ಲಿ ಅಪೊಕಲಿಪ್ಸ್ ಎಕ್ಸ್‌ಪಾನ್ಶನ್ ಜೊತೆ ಉಚಿತವಾಗಿ ಬಂದ 2.0 ಪ್ಯಾಚ್ (ಮೂಲ ಆಟವನ್ನೇ ಬದಲಿಸುವ ಅಪ್‌ಡೇಟ್). ಅದಕ್ಕೂ ಮೊದಲು ವಾರ್ಪ್ (ನಕ್ಷತ್ರದಿಂದ ನಕ್ಷತ್ರಕ್ಕೆ ನೇರ ಹಾರುವುದು), ವರ್ಮ್‌ಹೋಲ್ (ಸುರಂಗ ತೆರೆದು ಹೋಗುವುದು), ಹೈಪರ್‌ಲೇನ್ (ನಕ್ಷತ್ರಗಳ ನಡುವಿನ ನಿಗದಿತ ದಾರಿ) ಎಂದು ಮೂರು ಬಗೆಯ ಪ್ರಯಾಣ ಇತ್ತು, ವಾರ್ಪ್ ಇರುವ ಶತ್ರು ನಮ್ಮ ಗಡಿಯ ಕೋಟೆಯನ್ನು ಪಕ್ಕಕ್ಕೆ ಬಿಟ್ಟು ಒಳಗೆ ನುಗ್ಗಿಬಿಡುತ್ತಿದ್ದ, ಹಾಗಾಗಿ ಕೋಟೆ ಕಟ್ಟುವುದರಲ್ಲಿ ಅರ್ಥವೇ ಇರಲಿಲ್ಲ. 2.0 ಎಲ್ಲರನ್ನೂ ಹೈಪರ್‌ಲೇನ್ ಮೇಲೆ ತಂದಿತು. ದಾರಿಗಳು ಬಂದು ಸೇರುವ ಒಂದು ನಕ್ಷತ್ರ ಹಿಡಿದು ಅಲ್ಲಿ ಸ್ಟಾರ್‌ಬೇಸ್ ಬಲಪಡಿಸಿದರೆ ಹಿಂದಿರುವ ಹತ್ತು ನಕ್ಷತ್ರ ಉಳಿಯುತ್ತವೆ. ನಕ್ಷೆಯನ್ನು ಓದಲೇಬೇಕಾಯಿತು. ಸ್ಟ್ರಾಟಜಿ ಅಂದ್ರೆ ಇದೇ ಅಲ್ವಾ?

ಶಾಂತಿಯಿಂದ ಆಡುವವರಿಗೂ ಪಾಲು ಸಿಕ್ಕಿದೆ. 2020ರ ಫೆಡರೇಶನ್ಸ್ ಎಕ್ಸ್‌ಪಾನ್ಶನ್ ನಂತರ ಒಕ್ಕೂಟ ಕಟ್ಟಿ ಬೆಳೆಸುವುದೇ ಒಂದು ಪೂರ್ತಿ ಗುರಿ.

ವಿರೋಧ

ವರ್ಮ್‌ಹೋಲ್ ಇಷ್ಟಪಟ್ಟು ಆಟ ಕೊಂಡವರು ಏನು ಮಾಡಬೇಕು? ಅಪೊಕಲಿಪ್ಸ್ ಕೊಳ್ಳದವರಿಗೂ 2.0 ಬಂತು. ಎಕ್ಸ್‌ಪಾನ್ಶನ್ ಬೇಡ ಅನ್ನಬಹುದು, ಅದರ ಜೊತೆ ಬರುವ ಪ್ಯಾಚ್ ಬೇಡ ಅನ್ನುವುದು ಕಷ್ಟ. ನನ್ನ ಮುಖ್ಯ ತಕರಾರು ಇದು. ಸೇರಿಸುವುದು ಬೇರೆ, ಇದ್ದದ್ದನ್ನು ತೆಗೆದುಹಾಕುವುದು ಬೇರೆ.

2018ರ ಡಿಸೆಂಬರಿನಲ್ಲಿ ಮೆಗಾಕಾರ್ಪ್ ಎಕ್ಸ್‌ಪಾನ್ಶನ್ ಜೊತೆ 2.2 ಪ್ಯಾಚ್ ಬಂದು ಗ್ರಹಗಳ ಲೆಕ್ಕವನ್ನೇ ಬದಲಿಸಿತು. ಮೊದಲು ಗ್ರಹ ಅಂದರೆ ಚೌಕಗಳ ಒಂದು ಹಲಗೆ. ಚೌಕಕ್ಕೆ ಒಂದು ಕಟ್ಟಡ, ಅಲ್ಲಿ ದುಡಿಯಲು ಒಂದು ಪಾಪ್ (ಜನಸಂಖ್ಯೆಯ ಒಂದು ಘಟಕ), ಒಂದೇ ನೋಟಕ್ಕೆ ಎಲ್ಲ ಗೊತ್ತಾಗುತ್ತಿತ್ತು. ಹೊಸ ಪದ್ಧತಿಯಲ್ಲಿ ಡಿಸ್ಟ್ರಿಕ್ಟ್ (ಗ್ರಹದ ವಲಯ), ಉದ್ಯೋಗ, ಅಲಾಯ್ (ಮಿಶ್ರಲೋಹ), ಕನ್ಸ್ಯೂಮರ್ ಗೂಡ್ಸ್ (ಜನರ ಬಳಕೆಯ ವಸ್ತು). ಆಳ ಜಾಸ್ತಿಯಾಯಿತು, ಒಪ್ಪುತ್ತೇನೆ. ಆದರೆ ಕಂಪ್ಯೂಟರ್ ನಡೆಸುವ ಸಾಮ್ರಾಜ್ಯಗಳು ಈ ಆರ್ಥಿಕತೆ ನಿಭಾಯಿಸಲಾಗದೆ ಸೊರಗಿದವು. ಸಾವಿರಾರು ಪಾಪ್‌ಗಳ ಲೆಕ್ಕ ಹಾಕುತ್ತಾ ಆಟದ ಕೊನೆಯ ಭಾಗ ತೆವಳತೊಡಗಿತು. ಆಟದ ಕೊನೆಗೆ ಎಲ್ಲರ ಮೇಲೂ ಎರಗುವ ಮಹಾಸಂಕಟಕ್ಕೆ ಹಡಗುಪಡೆ ಕಟ್ಟಿಕೊಂಡು ಕಾದವರು ದಿನಾಂಕ ಒಂದೊಂದಾಗಿ ಉರುಳುವುದನ್ನು ನೋಡುತ್ತಾ ಕೂರಬೇಕಾಯಿತು.

ಹೊಸಬರ ಪಾಡು ಇನ್ನೊಂದು. ಎದುರಿಗೆ ಡಿಎಲ್‌ಸಿಗಳ (ಎಕ್ಸ್‌ಪಾನ್ಶನ್‌ನಂಥ ಹೆಚ್ಚುವರಿ ಭಾಗಗಳ) ಉದ್ದ ಪಟ್ಟಿ, ಯಾವುದು ಬೇಕು ಯಾವುದು ಬೇಡ ಎಂದು ಆಡದೆ ಗೊತ್ತಾಗುವುದಿಲ್ಲ. ಹಳೆಯ ವಿಡಿಯೊ ನೋಡಿ ಕಲಿಯಲು ಹೊರಟರೆ ಅದರಲ್ಲಿ ಹೇಳಿದ ಅರ್ಧ ಈಗಿನ ಆಟದಲ್ಲಿ ಇಲ್ಲ. ದೊಡ್ಡ ಪ್ಯಾಚ್ ಬಂದಾಗ ಮಾಡ್‌ಗಳು (ಆಟಗಾರರೇ ಮಾಡಿ ಸೇರಿಸಿದ ಬದಲಾವಣೆಗಳು) ಮುರಿಯುತ್ತವೆ, ಅರ್ಧಕ್ಕೆ ನಿಂತ ಸೇವ್ ಕೂಡ ಕೈಕೊಡಬಹುದು.

ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನ ಬೀಟಾ ಪಟ್ಟಿಯಿಂದ (ಬೇರೆ ವರ್ಷನ್ ಆರಿಸುವ ಜಾಗ) ಹಳೆಯ 1.9ಕ್ಕೆ ಹೋಗಬಹುದಲ್ಲ ಎನ್ನುತ್ತಾರೆ. ಹೋಗಬಹುದು. ಅಲ್ಲಿ ವರ್ಮ್‌ಹೋಲ್ ಇದೆ, ಚೌಕಗಳಿವೆ, ಆದರೆ ಆಮೇಲಿನ ಯಾವ ರಿಪೇರಿಯೂ ಇಲ್ಲ, ಜೊತೆಗೆ ಆಡುತ್ತಿದ್ದ ಗೆಳೆಯರು ಹೊಸ ವರ್ಷನ್‌ನಲ್ಲಿದ್ದಾರೆ.