ತಾಟು ಕಸಿಯುವ ಮೊದಲು, ಅದು ಯಾಕೆ ತಿರುಗುತ್ತಿದೆ ನೋಡಿರಿ

ಫರಸಿ ನೆಲದ ಮೇಲೆ ಸ್ಟೀಲ್ ತಾಟನ್ನು ಅಂಚಿನ ಮೇಲೆ ನಿಲ್ಲಿಸಿ ಗಿರ್ರನೆ ತಿರುವಿ ಬಿಟ್ಟು ನೋಡಿರಿ. ಮೊದಲು ಸಪ್ಪಳ ಬಿಡಿಬಿಡಿಯಾಗಿರುತ್ತದೆ. ತಾಟು ವಾಲಿದಂತೆಲ್ಲ ಒತ್ತೊತ್ತಾಗಿ, ಕೊನೆಗೆ ಝರ್ರ್ ಎಂದು ಒಂದೇ ಎಳೆಯಾಗಿ, ಟಪ್ ಎಂದು ನಿಂತುಬಿಡುತ್ತದೆ. ಅಷ್ಟರಲ್ಲಿ ಅಂಚು ಹತ್ತಾರು ಸಲ ಮಿಂಚಿರುತ್ತದೆ. ನೆಲಕ್ಕೆ ಅಂಗೈ ಇಟ್ಟಿದ್ದರೆ ಅದರುವುದೂ ಗೊತ್ತಾಗುತ್ತದೆ. ಆಟಿಸಂ ಇರುವ ಮಗು ಇದನ್ನು ದಿನವಿಡೀ ಮಾಡತೊಡಗಿದರೆ ಮನೆಯವರು ಮೊದಲು ಮಾಡುವುದು ತಾಟು ಕಸಿದು ಎತ್ತರಕ್ಕೆ ಇಡುವುದು. ಮರುದಿನ ಡಬ್ಬಿಯ ಮುಚ್ಚಳ ತಿರುಗುತ್ತಿರುತ್ತದೆ.

1978ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ನಾಲ್ಡ್ ರಿಂಕೋವರ್ ಇಂಥದ್ದೇ ಒಬ್ಬ ಹುಡುಗನ ಎದುರಿನ ಮೇಜಿಗೆ ಕಾರ್ಪೆಟ್ ಹಾಸಿಸಿದರು. ತಾಟು ತಿರುಗುತ್ತಿತ್ತು, ಸಪ್ಪಳ ಇರಲಿಲ್ಲ. ಹುಡುಗ ತಿರುವುವುದನ್ನೇ ಬಿಟ್ಟ. ಕಾರ್ಪೆಟ್ ತೆಗೆದರೆ ಮತ್ತೆ ಶುರು. ಅಂದರೆ ಅವನು ತಾಟಿನ ಹಿಂದೆ ಬಿದ್ದಿರಲಿಲ್ಲ, ಸಪ್ಪಳದ ಹಿಂದೆ ಬಿದ್ದಿದ್ದ. ಮರುವರ್ಷ ಅದೇ ತಂಡ ಇನ್ನೊಂದು ಹೆಜ್ಜೆ ಇಟ್ಟಿತು: ಸಪ್ಪಳ ಬೇಕಾದ ಮಗುವಿಗೆ ಸಪ್ಪಳದ ಆಟಿಕೆ, ನೋಡುವ ಸುಖ ಬೇಕಾದ ಮಗುವಿಗೆ ಕಣ್ಣಿಗೆ ಹಬ್ಬವಾಗುವ ಆಟಿಕೆ. ನನ್ನ ತಕರಾರು ಏನೆಂದರೆ, ನಮ್ಮ ಕಡೆ ಥೆರಪಿ ಎಂದು ನಡೆಯುವುದರಲ್ಲಿ ಮೊದಲನೆಯ ಅರ್ಧ ಉಳಿದಿದೆ, ಎರಡನೆಯ ಅರ್ಧ ಮಾಯವಾಗಿದೆ. ಕೈ ಝಾಡಿಸುವ ಮಗುವಿಗೆ ‘ಕೈ ಕೆಳಗ’ ಎಂದು ಹೇಳಲು ಎಲ್ಲರಿಗೂ ಬರುತ್ತದೆ. ಕೈ ಕೆಳಗೆ ಬಂದ ಮೇಲೆ ಮಗುವಿಗೆ ಏನು ಕೊಟ್ಟಿರಿ ಎಂದರೆ ಉತ್ತರವಿಲ್ಲ.

ಈ ‘ಮೊದಲು ನಿಲ್ಲಿಸು, ಆಮೇಲೆ ಕಲಿಸು’ ಎಲ್ಲಿಂದ ಬಂತು? 1943ರಲ್ಲಿ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಇರುವ 11 ಮಕ್ಕಳ ಬಗ್ಗೆ ಬರೆದಾಗಲೇ ವಸ್ತುಗಳನ್ನು ತಿರುಗಿಸುವ ಚಟ ದಾಖಲಾಗಿತ್ತು. 1971ರಲ್ಲಿ ಮನಶ್ಶಾಸ್ತ್ರಜ್ಞ ಐವರ್ ಲೊವಾಸ್ ತಂಡ, ಮಗು ಹೀಗೆ ತನ್ನೊಳಗೇ ಮುಳುಗಿದ್ದಾಗ ಸಪ್ಪಳಕ್ಕೆ ತಡವಾಗಿ ಓಗೊಡುತ್ತದೆ ಎಂದು ತೋರಿಸಿತು. ಮರುವರ್ಷ ಕೋಗೆಲ್ ಮತ್ತು ಕವರ್ಟ್, ಆ ವರ್ತನೆಯನ್ನು ಅದುಮಿದಾಗ ಮೂವರು ಮಕ್ಕಳು ಪಾಠ ಕಲಿತರು ಎಂದರು. 1987ರ ಲೊವಾಸ್ ಅಧ್ಯಯನ ಎಲ್ಲರ ಬಾಯಲ್ಲೂ ಇದೆ: 19 ಮಕ್ಕಳು, ವಾರಕ್ಕೆ 40 ತಾಸು, ಎರಡು ವರ್ಷಕ್ಕೂ ಹೆಚ್ಚು, ಅದರಲ್ಲಿ 9 ಮಕ್ಕಳು ಸಾಮಾನ್ಯ ಶಾಲೆಯ ಮಟ್ಟಕ್ಕೆ ಬಂದರು. ಬಾಯಿಗೆ ಬಾರದ್ದು ಇನ್ನೆರಡು ಸಂಗತಿ. ಮಕ್ಕಳನ್ನು ಗುಂಪುಗಳಿಗೆ ಚೀಟಿ ಎತ್ತಿ ಹಂಚಿರಲಿಲ್ಲ. ಗದರುವುದು, ತೊಡೆಗೆ ಏಟು ಕೊಡುವುದೂ ಆ ಚಿಕಿತ್ಸೆಯ ಭಾಗವಾಗಿತ್ತು. ಅದೇ ವರ್ಷ ಅದೇ ಲೊವಾಸ್ ಇನ್ನಿಬ್ಬರ ಜೊತೆ ಸೇರಿ, ಇಂಥ ವರ್ತನೆಗೆ ಬಹುಮಾನ ಹೊರಗಿನಿಂದ ಬರುವುದಿಲ್ಲ, ಅದು ಹುಟ್ಟಿಸುವ ಇಂದ್ರಿಯಾನುಭವವೇ ಬಹುಮಾನ ಎಂದೂ ಬರೆದರು. ಅದನ್ನು ಓದಿದವರಿಗೆ ಬೈಗುಳ ಯಾಕೆ ನಾಟುವುದಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ದೊಡ್ಡವರಾದ ಆಟಿಸ್ಟಿಕ್ ಮಂದಿಯನ್ನೇ ಕೇಳಿದ್ದು ಬಹಳ ತಡವಾಗಿ. 2019ರಲ್ಲಿ ಕ್ಯಾಪ್ ತಂಡ 32 ಜನರನ್ನು ಮಾತಾಡಿಸಿತು. ಗದ್ದಲ, ಗಾಬರಿ, ಅತಿ ಖುಷಿ ಯಾವುದೇ ತಡೆಯಲಾರದಷ್ಟಾದಾಗ ಹೀಗೆ ಒಂದನ್ನೇ ಮತ್ತೆ ಮತ್ತೆ ಮಾಡುವುದರಿಂದ ಸಮಾಧಾನ ಸಿಗುತ್ತದೆ ಎಂದರು ಅವರು. ಗಣೇಶನ ಮೆರವಣಿಗೆಯ ಡಿಜೆ ಎದುರು ಕೂಸು ಎರಡೂ ಕೈ ಝಾಡಿಸಿದರೆ ಅದನ್ನು ರೋಗಲಕ್ಷಣ ಎಂದು ಬರೆದುಕೊಳ್ಳುವ ಮೊದಲು ಡಿಜೆ ಕಡೆಗೂ ಒಮ್ಮೆ ನೋಡಬೇಕು.

ಹಾಗಾದರೆ ಎಲ್ಲವನ್ನೂ ಬಿಟ್ಟುಬಿಡುವುದೇ? ಇಲ್ಲ. ರಕ್ತ ಬರುವಂತೆ ಕೈ ಕಚ್ಚಿಕೊಳ್ಳುವುದು, ಗೋಡೆಗೆ ತಲೆ ಚಚ್ಚಿಕೊಳ್ಳುವುದು, ಸುಣ್ಣ ಮಣ್ಣು ತಿನ್ನುವುದು, ಊಟ ನಿದ್ದೆ ಕೆಡುವಷ್ಟು ಅದರಲ್ಲೇ ಇರುವುದು, ಇವಕ್ಕೆ ಚಿಕಿತ್ಸೆ ಬೇಕು. ಬರೀ ಮಂದಿ ನೋಡುತ್ತಾರೆ ಎಂಬುದಕ್ಕೆ ಬೇಡ. ‘ಅವನ ಕೈ ನಿಂತ್ರ ಸಾಕ್ರಿ, ಉಳದದ್ದೆಲ್ಲಾ ಆಮ್ಯಾಲೆ’ ಎಂದು ತಾಯಂದಿರು ಕೇಳುವುದರ ಹಿಂದೆ ಬೀಗರ ಮಾತು, ಬಸ್ಸಿನಲ್ಲಿ ತಿರುಗಿ ನೋಡುವವರ ಕಣ್ಣು ಇರುತ್ತದೆ. ಆ ಸಂಕಟ ಸುಳ್ಳಲ್ಲ. ಆದರೆ ಅದರ ಔಷಧವನ್ನು ಕೂಸಿಗೆ ಕುಡಿಸಬಾರದು.

ಇಲ್ಲದ್ದು ಹೊಸದಾಗಿ ಶುರುವಾಗಿದ್ದರೆ ಥೆರಪಿಗಿಂತ ಮೊದಲು ಡಾಕ್ಟರು. ಒಮ್ಮೆಲೇ ತಲೆ ಬಡಿದುಕೊಳ್ಳತೊಡಗಿದ ಮಾತು ಬಾರದ ಮಗುವಿಗೆ ಕಿವಿ ಸೋರುತ್ತಿರಬಹುದು, ಹಲ್ಲು ಹುಳುಕಾಗಿರಬಹುದು, ನಾಲ್ಕು ದಿನದಿಂದ ಮಲ ಕಟ್ಟಿರಬಹುದು. ದಿಟ್ಟಿಸುತ್ತ ಕುಳಿತ ಮಗು ಮುಟ್ಟಿದರೂ ಎಚ್ಚರಗೊಳ್ಳದಿದ್ದರೆ ಅದು ಫಿಟ್ಸ್ ಇರಬಹುದು. ವರ್ಷ ತುಂಬದ ಕೂಸು ನಿದ್ದೆಯಿಂದೆದ್ದಾಗ ಮೇಲಿಂದ ಮೇಲೆ ಮೈ ಮುದುಡಿ ಬೆಚ್ಚುತ್ತಿದ್ದರೆ ಒಂದು ದಿನವೂ ಕಾಯಬೇಡಿರಿ. ಇನ್ನು ಗುಳಿಗೆ: ಸಿಟಾಲೊಪ್ರಾಮ್ ಕೊಟ್ಟು 149 ಮಕ್ಕಳನ್ನು ಪರೀಕ್ಷಿಸಿದ ಅಧ್ಯಯನ 2009ರಲ್ಲಿ ಬಂತು, ಇಂಥ ಪುನರಾವರ್ತನೆಗೆ ಅದು ಸಕ್ಕರೆ ಗುಳಿಗೆಗಿಂತ ಹೆಚ್ಚೇನೂ ಮಾಡಲಿಲ್ಲ. ರಿಸ್ಪೆರಿಡೋನ್ ಕೊಡುವುದು ಸಿಡುಕು, ಹೊಡೆದಾಟ, ಗಾಯ ಮಾಡಿಕೊಳ್ಳುವುದು ವಿಪರೀತವಾದಾಗ. ಕೈ ಝಾಡಿಸುವುದಕ್ಕಲ್ಲ. ತೂಕ ಏರುವುದಂತೂ ಇದ್ದೇ ಇದೆ.

ಈಗ ಮನೆಯಲ್ಲಿ ಮಾಡಬೇಕಾದ ಕೆಲಸ. ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿರಿ. ದಿನಕ್ಕೆ ಮೂರು ಸಲ, ಪ್ರತಿ ಸಲ 10 ನಿಮಿಷ. 30 ಸೆಕೆಂಡಿಗೆ ಒಂದರಂತೆ 20 ಮನೆ ಹಾಕಿರಿ. ಆ ಅರ್ಧ ನಿಮಿಷದಲ್ಲಿ ಆ ವರ್ತನೆ ಒಮ್ಮೆಯಾದರೂ ಕಂಡರೆ ಟಿಕ್, ಇಲ್ಲದಿದ್ದರೆ ಖಾಲಿ. ಒಂದು ವಾರ ಸಾಕು. ಸನ್ನಿವೇಶ ಮಾತ್ರ ಬದಲಾಗುತ್ತಿರಬೇಕು: ಒಬ್ಬನೇ ಸುಮ್ಮನೆ ಇದ್ದಾಗ, ಯಾರಾದರೂ ಆಡಿಸುತ್ತಿದ್ದಾಗ, ಪಾಟಿ ಕೈಗೆ ಕೊಟ್ಟು ಬರೆ ಎಂದಾಗ, ಅವ್ವ ಫೋನಿನಲ್ಲಿ ಮಾತಾಡುತ್ತಿದ್ದಾಗ. 1982ರಲ್ಲಿ ಇವಾಟಾ ತಂಡ ಗಾಯ ಮಾಡಿಕೊಳ್ಳುವ ಮಕ್ಕಳ ಮೇಲೆ ಮಾಡಿದ್ದೂ ಹೆಚ್ಚುಕಡಿಮೆ ಇದೇ ನಾಲ್ಕು ಬಗೆ, 15 ನಿಮಿಷದ ಅವಧಿಗಳಲ್ಲಿ. ಆದರೆ ಗಾಯವಾಗುವಂಥದ್ದನ್ನು ಮನೆಯಲ್ಲಿ ಪರೀಕ್ಷಿಸಲು ಹೋಗಬೇಡಿರಿ. ಒಬ್ಬನೇ ಇದ್ದಾಗ ಟಿಕ್ ಹೆಚ್ಚಾದರೆ ಅದು ಅದರದೇ ಸುಖಕ್ಕೆ. ಪಾಟಿ ಬಂದಾಗ ಏರಿ, ಪಾಟಿ ಹೋದಾಗ ಇಳಿದರೆ ಅದು ‘ನನಗ ಬ್ಯಾಡ’ ಎಂಬ ಮಾತು.

ಬ್ಯಾಡ ಎಂಬ ಮಾತಿಗೆ ಮದ್ದು ಬ್ಯಾಡ ಎಂದು ಹೇಳಲು ಕಲಿಸುವುದು. ವರ್ತನೆಯ ಬದಲು ಮಾತು ಕಲಿಸುವ ದಾರಿಯನ್ನು ಕಾರ್ ಮತ್ತು ಡ್ಯುರಾಂಡ್ 1985ರಲ್ಲೇ ತೋರಿಸಿಕೊಟ್ಟಿದ್ದಾರೆ. ‘ಬ್ಯಾಡ’ ಎಂಬ ಅರ್ಥದ ಒಂದು ಕಾರ್ಡು ಸಾಕು. ಮಗು ಕಾರ್ಡು ಕೊಟ್ಟ ತಕ್ಷಣ, ಎರಡು ಮೂರು ಸೆಕೆಂಡಿನೊಳಗೆ ಪಾಟಿ ಸರಿಸಬೇಕು. ಮೊದಮೊದಲು ಪ್ರತಿ ಸಲವೂ. ಕಾಯಿಸುವುದು ಆಮೇಲೆ, ಅದೂ ಐದು ಸೆಕೆಂಡಿನಿಂದ ಶುರು. ಕೆಡುವುದು ಎಲ್ಲಿ ಗೊತ್ತೇ? ಕಾರ್ಡು ಟೀಚರ್ ಡ್ರಾವರಿನಲ್ಲಿರುತ್ತದೆ. ಅಥವಾ ಸೆಂಟರಿನಲ್ಲಿ ‘ಆಲ್ ಡನ್’ ಕಲಿಸುತ್ತಾರೆ, ಮನೆಯಲ್ಲಿ ಅಜ್ಜಿಗೆ ತಿಳಿಯುವುದು ‘ಸಾಕಬೇ’ ಮಾತ್ರ. ಮೊದಲ ವಾರವೇ ಕುಳಿತು ಒಂದೇ ಮಾತು ಗೊತ್ತುಮಾಡಿರಿ.

ಸುಖಕ್ಕಾಗಿ ಮಾಡುವುದಾದರೆ ತಾಟಿನ ಪರೀಕ್ಷೆ. ಐದು ನಿಮಿಷ ಬರೀ ಫರಸಿ ಮೇಲೆ, ಐದು ನಿಮಿಷ ಜಮಖಾನದ ಮೇಲೆ (ನವಲಗುಂದದ ದಪ್ಪನೆಯದು ಮನೆಯಲ್ಲಿದ್ದರೆ ಅದೇ ಒಳ್ಳೆಯದು, ತೆಳ್ಳನೆಯ ಚಾಪೆಯಲ್ಲಿ ಸಪ್ಪಳ ಉಳಿಯುತ್ತದೆ). ಮೂರು ದಿನ ಅದಲು ಬದಲು ಮಾಡಿ ನೋಡಿರಿ. ಜಮಖಾನದ ಮೇಲೆ ಬಿಟ್ಟರೆ ಕಿವಿಯ ಸುಖ, ಅಲ್ಲೂ ಬಗ್ಗಿ ನೋಡುತ್ತ ತಿರುವಿದರೆ ಕಣ್ಣಿನದು. ಕಿವಿಯಾದರೆ ತಾಳ, ಗೆಜ್ಜೆ, ಡಬ್ಬಿಯಲ್ಲಿ ಗೋಲಿ. ಕಣ್ಣಾದರೆ ಬುಗರಿ, ಸಾಬೂನಿನ ಗುಳ್ಳೆ. ಮೈ ತೂಗುವ ಮಗುವಿಗೆ ಪಂಚಮಿಯ ಜೋಕಾಲಿಯನ್ನು ಹಬ್ಬ ಮುಗಿದ ಮೇಲೂ ಬಿಚ್ಚಬೇಡಿರಿ. ಅಂಗಿಯ ಕಾಲರ್ ಜಗಿಯುವ ಮಗುವಿಗೆ ಖಡಕ್ ರೊಟ್ಟಿ ಕೊಟ್ಟು ನೋಡುವವರಿದ್ದಾರೆ. ಅದು ಕಟಕಟ ಸಪ್ಪಳ ಬೇಕಾದ ಮಗುವಿಗೆ ಸರಿ. ಕಾಲರ್ ಜಗಿಯುವವನಿಗೆ ಬೇಕಾದದ್ದು ಹಲ್ಲಿಗೆ ಎದುರು ಕೊಡುವ, ಹರಿಯದ ವಸ್ತು. ಜಗಿಯಲೆಂದೇ ಮಾಡಿದ ಸಿಲಿಕೋನಿನದು ಸಿಗುತ್ತದೆ, ತುಂಡಾಗುತ್ತಿದೆಯೇ ಎಂದು ದಿನಾ ನೋಡಬೇಕು.

ಇಲ್ಲಿ ಹೊತ್ತೇ ಎಲ್ಲ. ಕೂಡಿಸಿದ ಆರನೇ ನಿಮಿಷಕ್ಕೆ ಕೈ ಕಚ್ಚಿಕೊಳ್ಳುತ್ತಾನೆ ಎಂದು ನೋಟ್‌ಬುಕ್ ಹೇಳಿದರೆ ನಾಲ್ಕನೇ ನಿಮಿಷಕ್ಕೇ ಎಬ್ಬಿಸಿ ಜೋಕಾಲಿಗೆ ಹಾಕಿರಿ. ಕಚ್ಚಿಕೊಂಡ ಮೇಲೆ ಜೋಕಾಲಿ ಕೊಟ್ಟರೆ, ಜೋಕಾಲಿ ಬೇಕಾದಾಗ ಕಚ್ಚಿಕೋ ಎಂದು ನೀವೇ ಕಲಿಸಿದಂತೆ. ಇಷ್ಟಾಗಿಯೂ ಯಾವುದನ್ನಾದರೂ ತಡೆಯಲೇಬೇಕಾದರೆ ಮೊದಲ ಕೆಲವು ದಿನ ಅದು ಏರಿ ಆಮೇಲೆ ಇಳಿಯಬಹುದು. ಏರಿದ ದಿನ ಸೋತು ಬಿಟ್ಟುಕೊಟ್ಟರೆ ಮುಂದಿನ ಸಲ ಅಲ್ಲಿಂದಲೇ ಶುರುವಾಗುತ್ತದೆ.

ಬಾಯಲ್ಲಿ ಒಂದೇ ಸಪ್ಪಳ ಮಾಡುವ ಮಕ್ಕಳಿಗೆ 2007ರಲ್ಲಿ ಅಹೆರ್ನ್ ತಂಡ ತಂದ ವಿಧಾನವೂ ಇದೆ. ಸಪ್ಪಳ ಬಂದ ಕೂಡಲೇ ತಡೆದು, ಮಗುವಿಗೆ ಗೊತ್ತಿರುವ ಪ್ರಶ್ನೆ ಕೇಳುತ್ತ ಹೋಗುವುದು, ನಡುವೆ ಸಪ್ಪಳವಿಲ್ಲದೆ ಸಾಲಾಗಿ ಮೂರು ಉತ್ತರ ಬರುವವರೆಗೆ. ಕೆಲಸ ಮಾಡುತ್ತದೆ, ಒಬ್ಬರು ಮಗುವಿನ ಮಗ್ಗುಲಲ್ಲೇ ಕುಳಿತಿದ್ದರೆ. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಒಬ್ಬ ಟೀಚರ್ ಇದನ್ನು ಮಾಡಲಾರರು.

ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೋ ಬೇರೆ ಕಡೆಗೋ ತೋರಿಸಲು ಹೋಗುವಾಗ ಆ ನೋಟ್‌ಬುಕ್ ಒಯ್ಯಿರಿ. ಮೊಬೈಲಿನಲ್ಲಿ ಎರಡೆರಡು ನಿಮಿಷದ ಮೂರು ವಿಡಿಯೋ ಇರಲಿ: ಒಬ್ಬನೇ ಇದ್ದಾಗಿನದು, ಪಾಟಿ ಹಿಡಿದಾಗಿನದು, ಗದ್ದಲದಲ್ಲಿನದು. ಮಗುವಿನ ಮುಖ, ಕೈ, ಎದುರಿಗಿರುವ ವಸ್ತು ಮೂರೂ ಕಾಣುವಂತೆ ಫೋನ್ ಅಡ್ಡ ಹಿಡಿಯಿರಿ, ಹಾಡು ಗೀಡು ಸೇರಿಸಬೇಡಿರಿ. ಶುರುವಾಗುವ ಮೊದಲಿನ ಅರ್ಧ ನಿಮಿಷವನ್ನು ಕತ್ತರಿಸಬೇಡಿರಿ.