ಅವ್ವ ಬಾಗಿಲು ತೆರೆಯುವ ಮುಂಚೆ

ನಮ್ಮ ಮನೆ ಬಾಗಿಲಿಗೆ, ಬಂದವರನ್ನು ಫೋನಿನಲ್ಲಿ ತೋರಿಸುವ ಕ್ಯಾಮೆರಾ ಇರುವ ಬೆಲ್ ಹಾಕಿಸಿ ಹನ್ನೊಂದು ತಿಂಗಳಾಯಿತು. ಬ್ಯಾಟರಿಯದ್ದು. "ಹೆಂಗೈತಿ ಅದು, ನಾವೂ ತಗೋಬಹುದಾ?" ಎಂದು ಶಾಲೆಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಕೇಳುವವರು ಜಾಸ್ತಿ ಆಗಿದ್ದಾರೆ. ನಿಂತಲ್ಲೇ ಹೇಳಿ ಮುಗಿಸುವ ಮಾತಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾವು ರಾಯಚೂರಿನವರು. ನಾನು ಮಾನ್ವಿ ಕಡೆಯ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಬೆಳಿಗ್ಗೆ 8ಕ್ಕೆ ಮನೆ ಬಿಟ್ಟರೆ ತಿರುಗಿ ಬರುವುದು ಸಂಜೆ 6ರ ಮೇಲೆ. ಅಷ್ಟು ಹೊತ್ತೂ ಮನೆಯಲ್ಲಿ ಅವ್ವ ಒಬ್ಬಳೇ. ಅವಳಿಗೆ 71. ಮೊಣಕಾಲು ನೋವು. ಪಡಸಾಲೆಯಿಂದ ಬಾಗಿಲ ತನಕ ಗೋಡೆ ಹಿಡಿದುಕೊಂಡು ಬರಬೇಕು. ಬಂದವಳು ಚಿಲಕ ತೆಗೆದೇ ಯಾರೆಂದು ನೋಡುವುದು. ಬಂದವರನ್ನು ಹೊರಗೆ ನಿಲ್ಲಿಸಿ ಮಾತಾಡಿಸಿದರೆ ಅವಳಿಗೆ ಸಮಾಧಾನವೇ ಇರುವುದಿಲ್ಲ.

ಕಳೆದ ವರ್ಷ ಒಂದು ಮಧ್ಯಾಹ್ನ ಇಬ್ಬರು ಬೈಕಿನಲ್ಲಿ ಬಂದರಂತೆ. ಪಾತ್ರೆ ತಿಕ್ಕುವ ಪುಡಿ ಮಾರುವವರು ಎಂದು ಹೇಳಿಕೊಂಡರು. ದೇವರ ಮುಂದಿನ ಹಿತ್ತಾಳೆ ದೀಪ ಇಸಿದುಕೊಂಡು ಫಳಫಳ ಹೊಳೆಯುವ ಹಾಗೆ ಮಾಡಿ ಕೊಟ್ಟರು. ಆಮೇಲೆ ಕುಡಿಯಲು ನೀರು ಕೇಳಿದರು. ನೀರು ಕುಡಿದು, "ಅವ್ವಾರ, ಕೊರಳಾಗಿನ ಸರಾನೂ ಕೊಡ್ರಿ, ಹೊಸದರಂಗ ಮಾಡಿಕೊಡ್ತೀವಿ" ಎಂದರು. ಅಷ್ಟರಲ್ಲಿ ಎದುರುಮನೆ ದೊಡ್ಡವ್ವ ದಾಟಿ ಬಂದು "ಯಾರ್ರಿ ನೀವು? ಯಾವೂರು?" ಎಂದು ಜೋರು ಮಾಡಿದರು. ಇಬ್ಬರೂ ಬೈಕ್ ಹತ್ತಿ ಹೋಗೇಬಿಟ್ಟರು.

ಈ ಮೋಸ ಹೊಸದೇನಲ್ಲ. ಅವರ ಹತ್ತಿರ ಇರುವ ದ್ರಾವಣದಲ್ಲಿ ಬಂಗಾರ ಕರಗುತ್ತದೆ. ಸರ ವಾಪಸ್ ಸಿಕ್ಕರೂ ತೂಕ ಇರುವುದಿಲ್ಲ. ಎಷ್ಟೋ ಸಲ ಸರವೂ ಸಿಗುವುದಿಲ್ಲ. ನಮ್ಮ ಮನೆಯಲ್ಲಿ ಏನೂ ಹೋಗಲಿಲ್ಲ. ಅವ್ವ ಅದನ್ನು ಸಂಜೆ ಚಹಾ ಕುಡಿಯುತ್ತಾ ಆರಾಮವಾಗಿ ಹೇಳಿದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೆಲ್ ತಂದದ್ದು ಆ ಭಯಕ್ಕೆ. ಕಳ್ಳರನ್ನು ಹಿಡಿಯಲಿಕ್ಕೆ ಅಂತ ತರಲಿಲ್ಲ. ಅವ್ವ ಚಿಲಕ ತೆಗೆಯುವ ಮುಂಚೆ ಹೊರಗೆ ಯಾರಿದ್ದಾರೆ ಅಂತ ಗೊತ್ತಾಗಬೇಕು, ಒಳಗಿನಿಂದಲೇ ಮಾತಾಡಿ ಕಳಿಸುವಂತಿರಬೇಕು. ನನಗೆ ಬೇಕಿದ್ದದ್ದು ಇಷ್ಟೇ. ಈ ಬರಹದಲ್ಲಿ ನಾನು ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವುದೆಲ್ಲ ಇದೇ ಅಳತೆಯಲ್ಲಿ.

ಬ್ಯಾಟರಿಯದ್ದೇ ಯಾಕೆ ಎಂದು ಕೇಳುತ್ತಾರೆ. ನಮ್ಮದು ಹಳೇ ಮನೆ. ಮುಂದಿನ ಗೋಡೆ ಕಲ್ಲಿನದು, ಒಂದೂವರೆ ಅಡಿ ದಪ್ಪ. ಅದನ್ನು ಕೊರೆದು ವೈರ್ ಎಳೆಸುವುದು ದೊಡ್ಡ ಕೆಲಸ. ಇನ್ನೊಂದು ವಿಷಯವೂ ಇದೆ. ವೈರಿನ ವಿಡಿಯೋ ಬೆಲ್‌ಗಳಲ್ಲಿ ಬಹಳಷ್ಟಕ್ಕೆ 16ರಿಂದ 24 ವೋಲ್ಟ್ ಕರೆಂಟ್ ಸಾಕು. ನಮ್ಮ ಮನೆಗಳ ಮಾಮೂಲಿ ಬೆಲ್ ಓಡುವುದು 230 ವೋಲ್ಟಿನಲ್ಲಿ. ಹಳೇ ಬೆಲ್ ಬಿಚ್ಚಿ ಅದೇ ವೈರಿಗೆ ಹೊಸದನ್ನು ನೇರವಾಗಿ ಸಿಕ್ಕಿಸಿದರೆ ಸುಟ್ಟು ಹೋಗುತ್ತದೆ. ನಡುವೆ ವೋಲ್ಟ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಬ್ಯಾಟರಿಯದ್ದಕ್ಕೆ ಎರಡು ಸ್ಕ್ರೂ ಸಾಕಾದವು. 7 ಸಾವಿರದ ಮೇಲೆ ಚಿಲ್ಲರೆ ಖರ್ಚಾಯಿತು.

ಡಿಸೆಂಬರ್, ಜನವರಿಯಲ್ಲಿ ಇದು ತುಂಬಾ ಚೆನ್ನಾಗಿ ನಡೆಯಿತು. ಬೇಸಿಗೆ ಬಂದಾಗಲೇ ನನಗೆ ನಿಜವಾದ ಪಾಠ ಆದದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅಂಗಡಿಯವರೂ ಹೇಳುವುದಿಲ್ಲ, ಜಾಹೀರಾತಿನಲ್ಲೂ ಇರುವುದಿಲ್ಲ.

ಬ್ಯಾಟರಿ ಬೆಲ್ ಹಗಲೂ ರಾತ್ರಿ ನೋಡುತ್ತಾ ಇರುವುದಿಲ್ಲ. ಹಾಗೆ ನೋಡಿದರೆ ಬ್ಯಾಟರಿ ಎರಡು ದಿನವೂ ಬಾಳುವುದಿಲ್ಲ. ಅದು ಮಲಗಿರುತ್ತದೆ. ಅದನ್ನು ಎಬ್ಬಿಸುವುದು ಪಿಐಆರ್ ಎಂಬ ಸಣ್ಣ ಸೆನ್ಸರ್. ಅದಕ್ಕೆ ಮುಖ, ಮೈ ಏನೂ ಕಾಣುವುದಿಲ್ಲ. ಗೊತ್ತಾಗುವುದು ಶಾಖದ ವ್ಯತ್ಯಾಸ ಮಾತ್ರ. ತಣ್ಣಗಿನ ಗೋಡೆ, ರಸ್ತೆಯ ಮುಂದೆ ಬೆಚ್ಚಗಿನ ಮನುಷ್ಯ ಹಾದರೆ ಅದು ಎಚ್ಚರ ಆಗುತ್ತದೆ. ಈಗ ನಮ್ಮ ಏಪ್ರಿಲ್, ಮೇ ನೆನೆಸಿಕೊಳ್ಳಿ. ಗಾಳಿಯೇ 42, 43 ಡಿಗ್ರಿ. ಎದುರಿನ ಕಲ್ಲುಗೋಡೆಯೂ ಕಾದಿರುತ್ತದೆ. ಮನುಷ್ಯನ ಚರ್ಮದ ಶಾಖ 33ರಿಂದ 37ರ ಒಳಗೆ. ಮನುಷ್ಯನಿಗೂ ಗೋಡೆಗೂ ನಡುವಿನ ವ್ಯತ್ಯಾಸ ಸೆನ್ಸರಿಗೆ ಸರಿಯಾಗಿ ಸಿಗುವುದೇ ಇಲ್ಲ.

ಮೇ ತಿಂಗಳ ಒಂದು ಭಾನುವಾರ ನಾನೇ ಪರೀಕ್ಷೆ ಮಾಡಿದೆ. ಮಧ್ಯಾಹ್ನ 2ಕ್ಕೆ ಓಣಿಯಿಂದ ಬಾಗಿಲ ಕಡೆ ನಾಲ್ಕು ಸಲ ನಡೆದು ಬಂದೆ. ಮೂರು ಸಲ ಬೆಲ್ ಎಚ್ಚರವೇ ಆಗಲಿಲ್ಲ. ಬಟನ್ ಒತ್ತಿದಾಗ ಮಾತ್ರ ಎದ್ದಿತು. ರಾತ್ರಿ 9ಕ್ಕೆ ಅದೇ ಜಾಗದಲ್ಲಿ ನಡೆದೆ. ಪ್ರತಿ ಸಲವೂ ಎದ್ದಿತು. ನನಗೆ ಚಿಂತೆ ಹತ್ತಿದ್ದು ಇದಕ್ಕೇ. ನಮ್ಮ ಊರಲ್ಲಿ ಬೇಸಿಗೆಯ ಮಧ್ಯಾಹ್ನ 1ರಿಂದ 4 ಅಂದರೆ ಓಣಿಯಲ್ಲಿ ನಾಯಿಯೂ ಓಡಾಡುವುದಿಲ್ಲ. ಎಲ್ಲರೂ ಬಾಗಿಲು ಹಾಕಿಕೊಂಡು ಅಡ್ಡಾಗಿರುತ್ತಾರೆ. ಪುಡಿ ಮಾರುವ ಆ ಇಬ್ಬರು ಬಂದದ್ದೂ ಅದೇ ಹೊತ್ತಿಗೆ. ಯಾವ ಹೊತ್ತಿಗೆ ಬೆಲ್ ಎಚ್ಚರ ಇರಬೇಕೋ ಅದೇ ಹೊತ್ತಿಗೆ ಅದು ಮಂಕಾಗುತ್ತದೆ.

ಪೂರ್ತಿ ಪರಿಹಾರ ಸಿಗದಿದ್ದರೂ ಸ್ವಲ್ಪ ಸುಧಾರಿಸಿತು. ಪಿಐಆರ್‌ಗೆ ಇನ್ನೊಂದು ಗುಣ ಇದೆ. ಅಡ್ಡ ಹಾಯುವವರು ಅದಕ್ಕೆ ಬೇಗ ಗೊತ್ತಾಗುತ್ತಾರೆ, ನೇರವಾಗಿ ಎದುರಿಗೆ ಬರುವವರು ತಡವಾಗಿ ಗೊತ್ತಾಗುತ್ತಾರೆ. ಬಾಗಿಲಿಗೆ ಬರುವವರೆಲ್ಲ ನೇರವಾಗಿಯೇ ಬರುತ್ತಾರಲ್ವಾ? ಅದಕ್ಕೆ ಬೆಲ್ ಕೆಳಗೆ ಓರೆ ತುಂಡು ಇಟ್ಟು ಒಂದು ಬದಿಗೆ ತಿರುಗಿಸಿ ಕೂರಿಸಿದೆ. ಈಗ ಮೆಟ್ಟಿಲು ಹತ್ತುವವರು ಅದರ ಮುಂದೆ ಓರೆಯಾಗಿ ಹಾಯುತ್ತಾರೆ. ನಾಲ್ಕರಲ್ಲಿ ಒಂದು ಸಲ ಏಳುತ್ತಿದ್ದದ್ದು ಈಗ ಎರಡು, ಮೂರು ಸಲ ಏಳುತ್ತದೆ. ದುಬಾರಿಯ ಕೆಲವು ಮಾದರಿಗಳಲ್ಲಿ ಪಿಐಆರ್ ಜೊತೆ ರಾಡಾರ್ ಕೂಡ ಇರುತ್ತದೆ. ರಾಡಾರಿಗೆ ಶಾಖದ ಗೊಡವೆ ಇಲ್ಲ. ನಾನು ಇನ್ನೊಮ್ಮೆ ತಗೊಳ್ಳುವುದಾದರೆ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವುದಿಲ್ಲ, ಇದನ್ನೇ ಮೊದಲು ಕೇಳುತ್ತೇನೆ.

ಶಾಖ ಬ್ಯಾಟರಿಗೂ ಆಗುವುದಿಲ್ಲ. ಇವೆಲ್ಲ ಲಿಥಿಯಂ ಬ್ಯಾಟರಿಗಳು. 45 ಡಿಗ್ರಿ ದಾಟಿದ ಮೇಲೆ ಅವನ್ನು ಚಾರ್ಜ್ ಮಾಡಬಾರದು. ಬಹಳ ಬೆಲ್‌ಗಳ ಪೆಟ್ಟಿಗೆ ಮೇಲೆ 45, ಇಲ್ಲಾ 50 ಡಿಗ್ರಿ ತನಕ ನಡೆಯುತ್ತದೆ ಎಂದು ಬರೆದಿರುತ್ತದೆ. ಅದು ಸುತ್ತಲಿನ ಗಾಳಿಯ ಲೆಕ್ಕ. ನೇರ ಬಿಸಿಲು ಬಿದ್ದ ಕಪ್ಪು ಪ್ಲಾಸ್ಟಿಕ್ ಗಾಳಿಗಿಂತ ಎಷ್ಟೋ ಜಾಸ್ತಿ ಕಾಯುತ್ತದೆ. ಪಡುವಣ ದಿಕ್ಕಿಗೆ ಬಾಗಿಲಿದ್ದವರು ಮೇಲೆ ಸಣ್ಣ ತಗಡಿನ ನೆರಳು ಮಾಡಿಸಲೇಬೇಕು. ಬಿಸಿಲಿಗಿದ್ದ ಬೆಲ್ ಬಿಚ್ಚಿ ತಂದು ತಕ್ಷಣ ಚಾರ್ಜಿಗೆ ಹಾಕಬೇಡಿ. ನಾನು ರಾತ್ರಿ ಊಟ ಆದ ಮೇಲೆ ಬಿಚ್ಚಿ, ಅರ್ಧ ಗಂಟೆ ಫ್ಯಾನ್ ಕೆಳಗೆ ಇಟ್ಟು, ಆಮೇಲೆ ಚಾರ್ಜಿಗೆ ಹಾಕುತ್ತೇನೆ. ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಮತ್ತೆ ಸಿಕ್ಕಿಸುತ್ತೇನೆ.

ಪೆಟ್ಟಿಗೆ ಮೇಲೆ ಆರು ತಿಂಗಳ ಬ್ಯಾಟರಿ ಎಂದಿತ್ತು. ಮೊದಲ ಸಲ ನಮಗೆ ಬಂದದ್ದು 37 ದಿನ. ಓಣಿಯಲ್ಲಿ ಹೋಗುವ ಪ್ರತಿ ಬೈಕಿಗೂ, ಆಟೋಕ್ಕೂ ಎದ್ದು ವಿಡಿಯೋ ಮಾಡುತ್ತಿತ್ತು. ಆ್ಯಪಿನಲ್ಲಿ ರಸ್ತೆ ಭಾಗ ಬಿಟ್ಟು ನಮ್ಮ ಮೆಟ್ಟಿಲಿಗೆ ಮಾತ್ರ ಗುರುತು ಹಾಕಿದ ಮೇಲೆ ಎರಡೂವರೆ ತಿಂಗಳು ಬರುತ್ತಿದೆ.

ವೈಫೈ ಬಲ ಕಡಿಮೆ ಇದ್ದರೂ ಬ್ಯಾಟರಿ ಬೇಗ ಇಳಿಯುತ್ತದೆ, ದೂರ ಇದ್ದವರ ಜೊತೆ ನಾವು ಕೂಗಿ ಕೂಗಿ ಮಾತಾಡಿ ಸುಸ್ತಾಗುವ ಹಾಗೆ. ಕಲ್ಲಿನ ಮನೆಯವರು ದುಡ್ಡು ಕೊಡುವ ಮುಂಚೆ ಒಂದು ಕೆಲಸ ಮಾಡಿ. ಬಾಗಿಲು ಮುಚ್ಚಿ ಹೊರಗೆ ನಿಲ್ಲಿ. ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ, ಮನೆಯ 2.4 ಗಿಗಾಹರ್ಟ್ಸ್ ವೈಫೈಗೆ ಸೇರಿಸಿ, ಯಾರಿಗಾದರೂ ವಿಡಿಯೋ ಕಾಲ್ ಮಾಡಿ. ಮಾತು ಕಡಿದು ಕಡಿದು ಬಂದರೆ ಬೆಲ್ ಕೂಡ ಹಾಗೇ ಆಗುತ್ತದೆ. ರೂಟರಿನ ಇನ್ನೊಂದು ವೈಫೈ 5 ಗಿಗಾಹರ್ಟ್ಸಿನದು, ಅದು ಗೋಡೆ ದಾಟುವುದರಲ್ಲಿ ಇನ್ನೂ ದುರ್ಬಲ. ನಮ್ಮ ರೂಟರ್ ಮಲಗುವ ಕೋಣೆಯಲ್ಲಿತ್ತು. ಅದನ್ನು ಪಡಸಾಲೆಗೆ ತರಲೇಬೇಕಾಯಿತು.

ಕರೆಂಟಿನ ಮಾತು. ಬೆಲ್ ಬ್ಯಾಟರಿಯದ್ದು, ಹಾಗಾಗಿ ಕರೆಂಟ್ ಹೋದರೂ ನಡೆಯುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಬೆಲ್ ನಡೆಯುತ್ತದೆ. ಆದರೆ ರೂಟರ್ ನಿಲ್ಲುತ್ತದೆ. ಒಳಗೆ ಸದ್ದು ಮಾಡುವ ಚೈಮ್ ಪ್ಲಗ್ಗಿಗೆ ಸಿಕ್ಕಿಸಿದ್ದು, ಅದೂ ನಿಲ್ಲುತ್ತದೆ. ಅಂದರೆ ಹೊರಗೆ ಯಾರೋ ಬಟನ್ ಒತ್ತುತ್ತಿದ್ದರೂ ಒಳಗೆ ಅವ್ವನಿಗೂ ಕೇಳಲ್ಲ, ಮಾನ್ವಿಯಲ್ಲಿ ನನಗೂ ಗೊತ್ತಾಗಲ್ಲ. ನಮ್ಮಲ್ಲಿ ಬಹಳ ಮನೆಗಳಲ್ಲಿ ಇನ್ವರ್ಟರ್ ಇದೆ, ಆದರೆ ಲೈಟ್, ಫ್ಯಾನಿಗೆ ಮಾತ್ರ ಲೈನ್ ಕೊಟ್ಟಿರುತ್ತಾರೆ. ರೂಟರ್ ಮತ್ತು ಚೈಮ್ ಸಿಕ್ಕಿಸುವ ಸಾಕೆಟ್‌ಗಳನ್ನು ಇನ್ವರ್ಟರ್ ಲೈನಿಗೆ ಹಾಕಿಸಿಕೊಳ್ಳಿ. ಇನ್ವರ್ಟರ್ ಇಲ್ಲದವರಿಗೆ ರೂಟರಿಗೆಂದೇ 12 ವೋಲ್ಟಿನ ಸಣ್ಣ ಯುಪಿಎಸ್ ಸಿಗುತ್ತದೆ. ಚೈಮ್ ಬೇಡ, ಫೋನಿಗೆ ಬರುತ್ತಲ್ಲ ಅನ್ನಬೇಡಿ. ನಾನು ಕ್ಲಾಸಿನಲ್ಲಿದ್ದಾಗ ಫೋನ್ ಸೈಲೆಂಟ್ ಇರುತ್ತದೆ. ಮನೆಯಲ್ಲಿ ಇರುವವರಿಗೆ ಮೊದಲು ಕೇಳಬೇಕು.

ಮುಖ ಕಾಣುತ್ತದಾ? ಪೂರ್ವಕ್ಕೆ ಬಾಗಿಲಿದ್ದರೆ ಬೆಳಿಗ್ಗೆ 7ರಿಂದ 9ರ ತನಕ ಬಂದವರ ಬೆನ್ನ ಹಿಂದೆಯೇ ಸೂರ್ಯ. ಮುಖ ಕಪ್ಪಗೆ ಬರುತ್ತದೆ. ಬೆಳಕು, ಕತ್ತಲು ಎರಡನ್ನೂ ಸರಿದೂಗಿಸುವ ಎಚ್‌ಡಿಆರ್ ಇದ್ದದ್ದು ತಗೊಂಡರೆ ಸ್ವಲ್ಪ ವಾಸಿ. ತಲೆಯಿಂದ ಕಾಲ ತನಕ ಕಾಣುವ ಉದ್ದನೆ ಚಿತ್ರ ಕೊಡುವುದು ಒಳ್ಳೆಯದು, ಕೆಳಗೆ ಇಟ್ಟ ಪಾರ್ಸೆಲ್ ಕೂಡ ಕಾಣುತ್ತದೆ. ರಾತ್ರಿಗೆ ಒಂದು 9 ವ್ಯಾಟ್ ಎಲ್‌ಇಡಿ ಬಲ್ಬ್ ಹೊರಗೆ ಹಚ್ಚಿಡಿ, ಯಾವ ನೈಟ್ ವಿಷನ್‌ಗಿಂತಲೂ ಅದು ಚೆನ್ನ. ವಿಡಿಯೋ ಎಲ್ಲಿ ಉಳಿಯುತ್ತದೆ ಎಂದು ಕೇಳಿ ತಗೊಳ್ಳಿ. ವಿಡಿಯೋ ಉಳಿಸುವ ಮೆಮೊರಿ ಕಾರ್ಡ್ ಬೆಲ್ ಒಳಗೇ ಇದ್ದರೆ ಬೆಲ್ ಕಿತ್ತುಕೊಂಡು ಹೋದವರ ಜೊತೆ ಅದೂ ಹೋಗುತ್ತದೆ. ಕ್ಲೌಡ್, ಅಂದರೆ ಇಂಟರ್ನೆಟ್ಟಿನಲ್ಲಿ ಕಂಪನಿಯವರ ಹತ್ತಿರ ಇಡುವುದಾದರೆ, ತಿಂಗಳಾ ದುಡ್ಡು. ಕಾರ್ಡ್ ಒಳಗಿನ ಚೈಮಿನಲ್ಲಿ ಇರುವ ಮಾದರಿ ನನಗೆ ಸರಿ ಕಂಡಿತು.

ಬೆಲ್ ಹಾಕಿಸಿ ಹದಿನೈದು ದಿನಕ್ಕೆ ಎದುರುಮನೆ ದೊಡ್ಡವ್ವ ಕೇಳಿದರು, "ಏನವಾ, ನಾವು ಕಟ್ಟಿ ಮ್ಯಾಲ ಕುಂತದ್ದೆಲ್ಲಾ ಅದರಾಗ ಬೀಳ್ತದೇನು?" ನನಗೆ ಎದೆ ಧಸಕ್ಕೆಂದಿತು. ಅವತ್ತು ಅವ್ವನನ್ನು ಕಾಪಾಡಿದ್ದೇ ಅವರು. ನಮ್ಮ ಓಣಿ ಹನ್ನೆರಡು ಅಡಿಯದ್ದು. ಅವರು ಸಂಜೆ ಕಟ್ಟೆ ಮೇಲೆ ಕೂತು ಅಕ್ಕಿ ಹಸನು ಮಾಡುವುದು, ಮೊಮ್ಮಗಳ ತಲೆ ಬಾಚುವುದು ಎಲ್ಲ ನನ್ನ ಫೋನಿನಲ್ಲಿ ಇತ್ತು. ನಾನು ಯೋಚನೆಯನ್ನೇ ಮಾಡಿರಲಿಲ್ಲ. ಫೋನ್ ತಗೊಂಡು ಹೋಗಿ ಅವರ ಪಕ್ಕದಲ್ಲೇ ಕೂತೆ. ಹಳೇ ವಿಡಿಯೋ ಎಲ್ಲ ಅವರ ಮುಂದೆಯೇ ಅಳಿಸಿದೆ. ಆ್ಯಪಿನಲ್ಲಿ ಅವರ ಮನೆ ಕಾಣುವ ಭಾಗಕ್ಕೆ ಕಪ್ಪು ಪಟ್ಟಿ ಎಳೆದೆ, ಅದಕ್ಕೆ ಪ್ರೈವಸಿ ಝೋನ್ ಎನ್ನುತ್ತಾರೆ. ವಿಡಿಯೋ ಜೊತೆ ಮಾತು ರೆಕಾರ್ಡ್ ಆಗುವುದನ್ನೂ ಆಫ್ ಮಾಡಿದೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರಲ್ಲ, ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದು ಸರ್ಕಾರದ ಮುಂದೆ ಕೇಳಿದ ಹಕ್ಕು. ಓಣಿಯಲ್ಲಿ ಅದೇ ಹಕ್ಕನ್ನು ನಾವು ಒಬ್ಬರಿಗೊಬ್ಬರು ಕೊಡಬೇಕು. ಬೆಲ್ ಹಾಕಿಸುವ ದಿನವೇ ಎದುರಿನವರನ್ನು ಕರೆದು ಏನು ಕಾಣುತ್ತದೆ ಎಂದು ತೋರಿಸಿ. ನಾನು ತಡ ಮಾಡಿದೆ.

ಬಾಗಿಲ ಹೊರಗೆ ಯಾರಿದ್ದಾರೆ ಎಂದು ಒಳಗೇ ಕೂತು ನೋಡುವ ಯೋಚನೆ ಮೊದಲು ಮಾಡಿದವರಲ್ಲಿ ಒಬ್ಬರು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದ ನರ್ಸ್. ಹೆಸರು ಮೇರಿ ವ್ಯಾನ್ ಬ್ರಿಟನ್ ಬ್ರೌನ್. ಹೊತ್ತಲ್ಲದ ಹೊತ್ತಿನಲ್ಲಿ ಮನೆಯಲ್ಲಿ ಒಬ್ಬರೇ ಇರುತ್ತಿದ್ದರು, ಪೊಲೀಸರು ಬರುವುದು ತಡ ಆಗುತ್ತಿತ್ತು. 1966ರಲ್ಲಿ ಗಂಡನ ಜೊತೆ ಸೇರಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1969ರಲ್ಲಿ ಸಿಕ್ಕಿತು. ಬಾಗಿಲಲ್ಲಿ ಮೇಲೆ ಕೆಳಗೆ ನಾಲ್ಕು ಕಿಂಡಿ, ಅವುಗಳ ಹಿಂದೆ ಸರಿದಾಡುವ ಕ್ಯಾಮೆರಾ, ಒಳಗೆ ಟಿವಿ, ಮಾತಾಡಲು ಮೈಕ್. ಇದನ್ನು ಓದಿದಾಗ ಅವ್ವನೇ ನೆನಪಾದಳು. ಅವರಿಗೂ ಬೇಕಿದ್ದದ್ದು ಇದೇ ಅಲ್ವಾ, ಬಾಗಿಲು ತೆರೆಯುವ ಮುಂಚೆ ಗೊತ್ತಾಗಬೇಕು.

ಇಷ್ಟೆಲ್ಲ ಆಗಿ ಬೆಲ್ ಕೆಲಸಕ್ಕೆ ಬಂತಾ ಅಂದರೆ, ಬಂತು. ಆಗಸ್ಟಿನಲ್ಲಿ ಒಬ್ಬ ಬಂದು ಗ್ಯಾಸ್ ಪೈಪ್ ನೋಡಬೇಕು, ಬಾಗಿಲು ತೆಗೀರಿ ಎಂದ. ಅವ್ವ ಚಿಲಕ ಮುಟ್ಟಲಿಲ್ಲ. ಚೈಮ್ ಆದ ಕೂಡಲೇ ನನಗೆ ಫೋನ್ ಹಚ್ಚಿದಳು. ನಾನು ಸ್ಟಾಫ್ ರೂಮಿನಿಂದ ಬೆಲ್ಲಿನಲ್ಲೇ ಮಾತಾಡಿದೆ. "ಅಣ್ಣಾ, ಗುರುತಿನ ಚೀಟಿ ಕ್ಯಾಮೆರಾದ ಮುಂದ ಹಿಡೀರಿ" ಎಂದೆ. ಹಿಡಿದ. ಏಜೆನ್ಸಿಗೆ ಫೋನ್ ಮಾಡಿ ಕೇಳಿದೆ, ನಿಜವಾಗಿ ಅವರ ಹುಡುಗನೇ. ಭಾನುವಾರ ಬರಲು ಹೇಳಿದೆ, ಬಂದು ನೋಡಿ ಹೋದ. ಅವನೂ ಬೇಸರ ಮಾಡಿಕೊಳ್ಳಲಿಲ್ಲ. ಅವ್ವ ಆವತ್ತು ಬಾಗಿಲು ತೆರೆಯದೇ ಇದ್ದದ್ದು ನನಗೆ ದೊಡ್ಡ ಸಂಗತಿ.

ಹೋದ ವಾರ ದೊಡ್ಡವ್ವ ತಮಗೂ ಒಂದು ತರಿಸಿಕೊಡು ಎಂದರು. ನಾನು ಬೇಡ ಎಂದೆ. ಅವರ ಮನೆಯಲ್ಲಿ ವೈಫೈ ಇಲ್ಲ, ಇನ್ವರ್ಟರ್ ಇಲ್ಲ, ಚಾರ್ಜ್ ಮಾಡಿಕೊಡುವವರೂ ಇಲ್ಲ. ಅದೇ ದುಡ್ಡಿಗೆ ಸ್ವಲ್ಪ ಸೇರಿಸಿ ಕಬ್ಬಿಣದ ಗ್ರಿಲ್ ಬಾಗಿಲು ಹಾಕಿಸೋಣ ಎಂದೆ. ಒಳಬಾಗಿಲು ತೆರೆದರೂ ಗ್ರಿಲ್ ಬೀಗ ಹಾಕಿಯೇ ಇರುತ್ತದೆ, ಗಾಳಿಯೂ ಬರುತ್ತದೆ, ಮುಖ ನೋಡಿ ಮಾತಾಡಬಹುದು. ಹೊರಗೊಂದು ಬಲ್ಬ್. ಫೋನಿನಲ್ಲಿ ನನ್ನ ನಂಬರ್ ಮತ್ತು 112 ಒಂದೇ ಒತ್ತಿಗೆ ಹೋಗುವ ಹಾಗೆ ಇಟ್ಟುಕೊಟ್ಟೆ. ವೆಲ್ಡಿಂಗ್‌ನವರು ಭಾನುವಾರ ಅಳತೆಗೆ ಬರುತ್ತಾರೆ.