ಒಂದು ಷೇರಿನ ಯಜಮಾನ

ನಾನೊಬ್ಬ ದಿನಸಿ ಅಂಗಡಿಯ ಮಾಲೀಕ. ಪೂರ್ತಿ ಅಂಗಡಿಗಲ್ಲ, ನೂರಾರು ಸದಸ್ಯರ ನಡುವೆ ಒಂದೇ ಒಂದು ಷೇರಿಗೆ. ಪಾಲು ಮಾಡಿ ಹಂಚಿದರೆ ಮೂಲೆಯ ಕಪಾಟಿನ ಕೆಳಗೂಡಿನಲ್ಲಿ ಅರ್ಧ ಗೇಣು ಜಾಗ ನನಗೆ ಬರಬಹುದು. ಆದರೂ ನಮ್ಮ ಸಣ್ಣ ಊರಿನ ಸಹಕಾರಿ ಅಂಗಡಿಯ ಹೊಸ್ತಿಲು ದಾಟುತ್ತಿದ್ದಂತೆ ನನ್ನ ನಡಿಗೆಯೇ ಬದಲಾಗುತ್ತದೆ ಎಂಬುದು ಹೆಂಡತಿಯ ಆರೋಪ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತೇನಂತೆ. ಕಪಾಟಿನ ಮೇಲೆ ಬೆರಳಾಡಿಸಿ ದೂಳು ನೋಡುತ್ತೇನಂತೆ. ಗಲ್ಲಾದಲ್ಲಿ ಕೂರುವ ಹಿರಿಯರು ಇದನ್ನೆಲ್ಲ ಕಂಡೂ ಕಾಣದವರಂತೆ, "ಯಜಮಾನರೇ, ಸ್ವಲ್ಪ ಸಾಲಿನಲ್ಲಿ ನಿಲ್ಲುತ್ತೀರಾ?" ಎನ್ನುತ್ತಾರೆ.

ದೊಡ್ಡ ಮಳಿಗೆಗಳಿಗೂ ನಾನು ಹೋಗಿದ್ದೇನೆ. ಅಲ್ಲಿ ತಪ್ಪು ಸಾಬೂನು ಎತ್ತಿಕೊಂಡರೆ ಯಂತ್ರ ಕುಂಯ್ ಎಂದು ಒಪ್ಪಿಕೊಂಡುಬಿಡುತ್ತದೆ. ತಪ್ಪು ಗೊತ್ತಾಗುವುದು ಮನೆಯಲ್ಲಿ, ಅದೂ ಏರಿದ ದನಿಯಲ್ಲಿ. ಇಲ್ಲಿ ಹಾಗಲ್ಲ. ಹಿರಿಯರು ನನ್ನ ಬುಟ್ಟಿಯಿಂದ ಸಾಬೂನನ್ನು ಮೆಲ್ಲನೆ ಹೊರತೆಗೆದು, ನಮ್ಮ ಮನೆಯಲ್ಲಿ ಬಳಸುವುದನ್ನು ಹಾಕುತ್ತಾರೆ. ಒಮ್ಮೆ ಬೇರೆ ಯಾರದೋ ಚೀಲ ಹೊತ್ತು ಮನೆಗೆ ಹೋಗಿದ್ದೆ. ಒಳಗೆ ಮಗುವಿನ ಪೌಡರು, ಇಲಿ ಪಾಷಾಣ, ಎರಡು ಪೊಟ್ಟಣ ಮೇಣದ ಬತ್ತಿ. ವಾಪಸು ತಂದಾಗ ಹಿರಿಯರು ಆ ಮೂರನ್ನೂ ಒಮ್ಮೆ ನೋಡಿ, ಪತ್ತೇದಾರನಂತೆ ಕಣ್ಣು ಕಿರಿದಾಗಿಸಿ, ಯಾವ ಬೀದಿಯ ಯಾವ ಮನೆಯ ಚೀಲವೆಂದು ಹೇಳಿಬಿಟ್ಟರು. ಇನ್ನೊಮ್ಮೆಯಂತೂ, "ಮೊನ್ನೆ ತಾನೇ ಒಯ್ದಿದ್ದೀರಿ, ಅಷ್ಟು ಬೇಗ ಮುಗಿದಿರಲಾರದು. ಅಟ್ಟದ ಮೇಲೆ ಹುಡುಕಿ" ಎಂದು ಬರಿಗೈಯಲ್ಲಿ ಕಳಿಸಿದರು. ಡಬ್ಬಿ ಅಟ್ಟದ ಮೇಲೆಯೇ ಇತ್ತು. ಗಿರಾಕಿಯನ್ನು ಹಿಂದಕ್ಕೆ ಕಳಿಸುವ ಅಂಗಡಿ ಉದ್ಧಾರವಾಗುವುದು ಹೇಗೆಂದು ಒಬ್ಬ ಷೇರುದಾರನಾಗಿ ನನಗೆ ಚಿಂತೆಯಾಯಿತು.

ಆದರೆ ಇಂಥ ಅಂಗಡಿಗಳ ಹುಟ್ಟೇ ವ್ಯಾಪಾರಿಗಳು ನಗುವಂಥದ್ದು. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ನೇಕಾರರೂ ಇತರ ಕುಶಲಕರ್ಮಿಗಳೂ ಸೇರಿ 1844ರ ಡಿಸೆಂಬರ್ 21ರ ಸಂಜೆ ಟೋಡ್ ಲೇನ್ ಎಂಬ ಓಣಿಯಲ್ಲಿ ತಮ್ಮದೇ ಅಂಗಡಿ ತೆರೆದಾಗ ಒಳಗಿದ್ದದ್ದು ಬೆಣ್ಣೆ, ಸಕ್ಕರೆ, ಹಿಟ್ಟು, ಮೇಣದ ಬತ್ತಿಯಂಥ ನಾಲ್ಕಾರು ಸಾಮಾನು. ಇಡೀ ದಾಸ್ತಾನನ್ನು ಒಂದು ತಳ್ಳುಗಾಡಿಯಲ್ಲಿ ಸಾಗಿಸಬಹುದೆಂದು ಉಳಿದ ವ್ಯಾಪಾರಿಗಳು ಮೂದಲಿಸಿದರಂತೆ. ಇವರೋ ಕಲಬೆರಕೆ ಇಲ್ಲದ ಸಾಮಾನು, ಸರಿಯಾದ ತೂಕ, ಲಾಭ ಬಂದರೆ ಕೊಂಡಷ್ಟಕ್ಕೆ ತಕ್ಕ ಪಾಲು ಎಂದು ನಿಯಮ ಮಾಡಿಕೊಂಡರು. ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ಈ ಕೊನೆಯ ನಿಯಮದ ಮೇಲೆ ನನಗೆ ವಿಶೇಷ ಪ್ರೀತಿ. ಊರಿನ ಅತಿ ಶ್ರೀಮಂತನೂ ಅರ್ಧ ಗೇಣಿನ ನಾನೂ ಅಲ್ಲಿ ಸಮ. ಇಬ್ಬರೂ ಸಾಲಿನಲ್ಲಿ ನಿಲ್ಲಬೇಕು.

ನಮ್ಮ ಅಂಗಡಿಯಲ್ಲಿಯೂ ಒಂದು ತಳ್ಳುಗಾಡಿ ಇದೆ. ಒಂದೇ. ಅದರ ಮುಂದಿನ ಚಕ್ರಕ್ಕೆ ಎಡಗಡೆ ಏನೋ ಸೆಳೆತ. ಅದನ್ನು ತಳ್ಳುವುದು ನನ್ನ ಘನತೆಗೆ ಕುಂದೆಂದು ನಾನು ಮುಟ್ಟುವುದಿಲ್ಲ. ಈ ರೋಗ ನನ್ನೊಬ್ಬನದಲ್ಲ. 1937ರಲ್ಲಿ ಅಮೆರಿಕದ ಒಕ್ಲಹೋಮ ಸಿಟಿಯ ಸಿಲ್ವನ್ ಗೋಲ್ಡ್‌ಮನ್ ಎಂಬ ಅಂಗಡಿಕಾರ ಮೊದಲ ಬಾರಿಗೆ ತಳ್ಳುಗಾಡಿ ತಂದಿಟ್ಟಾಗ, ಬುಟ್ಟಿ ಹೊರಲು ತೋಳಿನಲ್ಲಿ ಬಲವಿಲ್ಲವೇ ಎಂದು ಗಂಡಸರು ದೂರ ಉಳಿದರು. ಮಗುವಿನ ಗಾಡಿ ತಳ್ಳಿ ಸಾಕಾಗಿದೆ ಎಂದು ಹೆಂಗಸರೂ ಮುಟ್ಟಲಿಲ್ಲ. ಕೊನೆಗೆ ಆತ ಸಂಬಳ ಕೊಟ್ಟು ಜನರನ್ನು ಕರೆತಂದು, ಗಿರಾಕಿಗಳಂತೆ ಗಾಡಿ ತಳ್ಳಿಸಬೇಕಾಯಿತು.

ನನಗೆ ಸಂಬಳ ಕೊಡುವವರು ಯಾರೂ ಇರಲಿಲ್ಲವಾದ್ದರಿಂದ ಆ ಶನಿವಾರ ಎಲ್ಲವನ್ನೂ ತೋಳಿನಲ್ಲಿಯೇ ಹೊತ್ತೆ. ಬಾಗಿಲ ಬಳಿ ಕಿರಿಯನೊಬ್ಬ ನಮಸ್ಕರಿಸಿದ. ಯಜಮಾನ ಪ್ರತಿನಮಸ್ಕಾರ ಮಾಡದೆ ಇರಲಾದೀತೇ? ಕೈ ಸಡಿಲವಾಗಿ, ಬಾಗಿಲ ಚಿಲಕಕ್ಕೆ ಸಕ್ಕರೆ ಪೊಟ್ಟಣ ತಗುಲಿ, ಕೆಳಮೂಲೆಯಲ್ಲಿ ಬೆರಳಿನ ತುದಿಯಷ್ಟು ತೂತಾಯಿತು. ನನಗದು ಗೊತ್ತಾಗಲಿಲ್ಲ. ಗಂಭೀರವಾಗಿ ಹೊರಟೆ.

ಒಂದು ಗಂಟೆಯ ಮೇಲೆ ಮನೆ ಸೇರಿದಾಗ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಅಂಗಡಿಯಲ್ಲಿ ನೂಕುನುಗ್ಗಲು" ಎಂದೆ. ಅವಳು ಮಾತನಾಡಲಿಲ್ಲ, ಬೀದಿಯತ್ತ ಬೆರಳು ತೋರಿಸಿದಳು. ನಮ್ಮ ಮೆಟ್ಟಿಲಿನಿಂದ ಹಿಂದಕ್ಕೆ ಬೆಳ್ಳನೆಯ ಸಣ್ಣ ಗೆರೆ ಹೊರಟಿತ್ತು. ಅದು ಅಂಗಡಿಯ ನೇರ ದಾರಿ ಹಿಡಿದಿರಲಿಲ್ಲ. ಅಡ್ಡರಸ್ತೆಗೆ ತಿರುಗಿ, ಇಸ್ಪೀಟಿನ ಗೆಳೆಯನ ಮನೆಯ ಗೇಟಿನವರೆಗೆ ಸಾಗಿ, ಅಲ್ಲಿ ಒಂದು ಸಣ್ಣ ಗುಡ್ಡೆಯಾಗಿತ್ತು. ನಾನು ಅಲ್ಲಿ ಕೂತಿದ್ದು ಎಷ್ಟು ಹೊತ್ತೆಂಬುದಕ್ಕೆ ಗುಡ್ಡೆಯ ಎತ್ತರವೇ ಸಾಕ್ಷಿ. ಇರುವೆಗಳು ಆಗಲೇ ಮಹಜರು ಶುರು ಮಾಡಿದ್ದವು.

"ರೀ, ಆ ಗೆರೆ ನೋಡಿಕೊಂಡು ಅಂಗಡಿಯ ಹುಡುಗ ನೀವು ಬರುವ ಮೊದಲೇ ಇಲ್ಲಿಗೆ ಬಂದು ಹೋದ" ಎಂದಳು. ಆಮೇಲೆ ವಿಚಾರಿಸಿದರೆ, ಹುಡುಗ ಗೆಳೆಯನ ಮನೆಯ ಗೇಟಿನ ಸಂದಿನಿಂದ ಇಣುಕಿ, ಆಟ ಕೆಡಿಸುವುದು ಬೇಡವೆಂದು ನೇರವಾಗಿ ನಮ್ಮ ಮನೆಗೇ ಬಂದಿದ್ದನಂತೆ. ಮೇಜಿನ ಮೇಲೆ ಹೊಸ ಸಕ್ಕರೆ ಪೊಟ್ಟಣವಿತ್ತು. ಒಂದರೊಳಗೊಂದು ಎರಡು ಚೀಲ, ಮೇಲೆ ಹಿರಿಯರ ದುಂಡನೆಯ ಅಕ್ಷರದಲ್ಲಿ ಒಂದು ಚೀಟಿ: "ಯಜಮಾನರಿಗೆ."

ಅಂದಿನಿಂದ ನಾನು ಏನು ಕೊಂಡರೂ ಎರಡು ಚೀಲ. ಮೊನ್ನೆ ಬರೀ ಒಂದು ಬೆಂಕಿಪೊಟ್ಟಣ ಕೇಳಿದೆ. ಹಿರಿಯರು ತಲೆ ಎತ್ತದೆಯೇ ಎರಡನೆಯ ಚೀಲಕ್ಕೆ ಕೈ ಹಾಕಿದರು.